ಸತ್ಯಾಂಶ: ವಯೋಮಿತಿ ಮೀರಿದರೂ ಸರ್ಕಾರಿ ಕೆಲಸ ಗ್ಯಾರಂಟಿಯೇ?

'ವಯಸ್ಸಾಯ್ತು ಅಂತ ಅರ್ಜಿ ತಿರಸ್ಕರಿಸಿದರೆ ಸಂವಿಧಾನದ 16ನೇ ವಿಧಿಯ ಉಲ್ಲಂಘನೆ. ಕೋರ್ಟಿಗೆ ಹೋದರೆ ಕೆಲಸ ಖಚಿತ.' ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶವಿದು. ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಮುಂದೆ ಟೀ ಕುಡಿಯುತ್ತಾ ಇದನ್ನು ನಂಬುವವರೂ ಇದ್ದಾರೆ. ಪಾಪ, ಆಸೆ ಅಲ್ವಾ!

16ನೇ ವಿಧಿಯ 2ನೇ ಖಂಡ ಓದಿ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸಸ್ಥಳ ಇವುಗಳ ಮೇಲೆ ಮಾತ್ರ ಭೇದ ಮಾಡಬಾರದು ಎಂದಿದೆ. ಆ ಪಟ್ಟಿಯಲ್ಲಿ ವಯಸ್ಸಿಲ್ಲ. ಹಾಗಾಗಿ ವಯೋಮಿತಿ ಇದ್ದ ಮಾತ್ರಕ್ಕೆ ಅದು ತಪ್ಪಲ್ಲ. ರಾಜ್ಯದ 1977ರ ನೇಮಕಾತಿ ನಿಯಮಗಳಲ್ಲೇ ಗರಿಷ್ಠ ವಯಸ್ಸಿನ ಲೆಕ್ಕವಿದೆ. ಸರ್ಕಾರ ಆಗಾಗ ಸಡಿಲಿಕೆ ಕೊಡುತ್ತದೆ, ಆದರೆ ಅದು ಆದೇಶದಿಂದ ಬರಬೇಕು, ಫಾರ್ವರ್ಡ್‌ನಿಂದಲ್ಲ.

ಹಾಗಂತ ಸುಮ್ನೆ ಕೂರಬೇಕಿಲ್ಲ. ವಯಸ್ಸನ್ನು ಸಾಮಾನ್ಯವಾಗಿ ಅರ್ಜಿ ಹಾಕುವ ಕೊನೆಯ ದಿನಕ್ಕೆ ಲೆಕ್ಕ ಹಾಕುತ್ತಾರೆ. ಅದನ್ನು ತಪ್ಪಾಗಿ ಎಣಿಸಿದರೆ, ಮಾಜಿ ಸೈನಿಕರಿಗೋ ಮೀಸಲಾತಿ ವರ್ಗದವರಿಗೋ ಸಿಗಬೇಕಾದ ರಿಯಾಯಿತಿ ಕೊಡದಿದ್ದರೆ, ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಮೊದಲು ಅಧಿಸೂಚನೆ ತೆಗೆದು, ನಿಮ್ಮ ಹತ್ತನೇ ತರಗತಿ ಅಂಕಪಟ್ಟಿಯ ಹುಟ್ಟಿದ ದಿನಾಂಕದ ಜೊತೆ ಇಟ್ಟು ನೋಡಿ.