ಬಳಸಿದ ವೇಗವರ್ಧಕದಿಂದ ಲೋಹ ತೆಗೆಯುವ ಕಾರ್ಖಾನೆ ಕೊಡಗಿಗೆ ಬರಬಹುದೇ?

ತೈಲ ಸಂಸ್ಕರಣಾಗಾರಗಳು ಬಳಸಿ ತೆಗೆದುಹಾಕುವ ವೇಗವರ್ಧಕಗಳಿಂದ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳಿಂದ) ಲೋಹ ಮರಳಿ ಪಡೆಯುವ ಘಟಕಕ್ಕೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಜಾಗ ಕೊಡಬಹುದೇ?

ಪರ

ಡೀಸೆಲ್ ಇಲ್ಲದೆ ಕೊಡಗಿನ ತೋಟ ನಡೆಯುವುದಿಲ್ಲ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾ ಕಾಫಿಯ ಹೂ ಅರಳಿಸಲು ಸ್ಪ್ರಿಂಕ್ಲರ್ ಪಂಪು ಹಗಲಿರುಳು ಓಡಬೇಕು. 2020ರ ಏಪ್ರಿಲ್‌ನಿಂದ ಆ ಡೀಸೆಲ್‌ನ ಹತ್ತು ಲಕ್ಷ ಭಾಗದಲ್ಲಿ ಗಂಧಕ 10 ಭಾಗವನ್ನು ಮೀರುವಂತಿಲ್ಲ. ಗಂಧಕ ತೆಗೆಯುವ ಕೆಲಸಕ್ಕೆ ನೆರವಾಗುವುದು ಕೋಬಾಲ್ಟ್, ನಿಕಲ್, ಮಾಲಿಬ್ಡಿನಮ್ ಹೊತ್ತ ಅಲ್ಯೂಮಿನಾ ಕಡ್ಡಿಗಳು. ಇವೇ ಆ ವೇಗವರ್ಧಕಗಳು. ನೋಡಲು ಚಿಕ್ಕದಾಗಿ ಮುರಿದ ಶಾವಿಗೆಯಂತಿರುತ್ತವೆ. ಕೆಲವು ವರ್ಷ ದುಡಿದ ಮೇಲೆ ಅವುಗಳ ಮೇಲೆ ಇಂಗಾಲದ ಮಸಿ ಕೂರುತ್ತದೆ. ಭಾರವಾದ ತೈಲವನ್ನು ಸಂಸ್ಕರಿಸುವಲ್ಲಿ ಅದರೊಳಗಿನ ವನೇಡಿಯಂ ಕೂಡ ಸೂಕ್ಷ್ಮ ರಂಧ್ರಗಳಿಗೆ ಇಳಿದು ಅವನ್ನು ಮುಚ್ಚಿಬಿಡುತ್ತದೆ.

ಹೀಗೆ ಸತ್ತ ಕಡ್ಡಿಗಳನ್ನು ಹೂಳಿದರೆ ಲೋಹವೂ ಹೋಯಿತು, ಮಣ್ಣೂ ಕೆಟ್ಟಿತು. ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಬೆರೆಸಿ ಕುಲುಮೆಯಲ್ಲಿ ಹುರಿದು ನೀರಿನಲ್ಲಿ ನೆನೆಸಿದರೆ ಮಾಲಿಬ್ಡಿನಮ್, ವನೇಡಿಯಂ ಕರಗಿ ಬರುತ್ತವೆ. ಅಮೋನಿಯಂ ಲವಣ ಹಾಕಿದಾಗ ವನೇಡಿಯಂ ಗಟ್ಟಿಯಾಗಿ ತಳ ಸೇರುತ್ತದೆ. ನಿಕಲ್, ಕೋಬಾಲ್ಟ್ ಉಳಿಕೆಯಲ್ಲಿ ಸಿಗುತ್ತವೆ. ಈ ನಾಲ್ಕೂ ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿವೆ. ಹೊಸ ಗಣಿಗಾಗಿ ಇನ್ನೊಂದು ಕಾಡು ಕಡಿಯುವುದಕ್ಕಿಂತ ಇದು ಎಷ್ಟೋ ಮೇಲು.

ಕೂಡ್ಲೂರಿನಲ್ಲಿ ಈಗ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ಘಟಕಗಳಿವೆ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಮಕ್ಕಳು ಮೈಸೂರು, ಬೆಂಗಳೂರಿನ ಬಸ್ ಹತ್ತುತ್ತಾರೆ. ಹುರಿಯುವಾಗ ಏಳುವ ಗಂಧಕದ ಹೊಗೆಯನ್ನು ಕ್ಷಾರದ ನೀರಿನಲ್ಲಿ ತೊಳೆದು ಹಿಡಿಯುವ, ಒಂದು ತೊಟ್ಟು ನೀರನ್ನೂ ಹೊರಗೆ ಬಿಡದ ಘಟಕವಾದರೆ ಬರಲಿ.

ವಿರೋಧ

ಡೀಸೆಲ್ ಬಳಸುವವರೆಲ್ಲ ಅದರ ಕಸವನ್ನು ಮನೆಯಂಗಳಕ್ಕೆ ತಂದುಕೊಳ್ಳಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸಂಸ್ಕರಣಾಗಾರ ಇರುವುದು ಮಂಗಳೂರಿನಲ್ಲಿ. ಗಾಳಿ ತಾಗಿದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಈ ಸರಕನ್ನು ಡ್ರಮ್ಮುಗಳಲ್ಲಿ ತುಂಬಿ ಸಂಪಾಜೆ ಘಾಟಿ ಹತ್ತಿಸಬೇಕೇ? 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಅದೇ ರಸ್ತೆ ಕೊಚ್ಚಿಹೋದದ್ದನ್ನು ಕೊಡಗಿನವರು ಯಾರೂ ಮರೆತಿಲ್ಲ.

ನನ್ನ ದೊಡ್ಡ ಭಯ ನೀರಿನದು. ಕಡ್ಡಿಯೊಳಗಿದ್ದ ವನೇಡಿಯಂ ಮತ್ತು ಮಾಲಿಬ್ಡಿನಮ್ ಅನ್ನು ನೀರಿನಲ್ಲಿ ಕರಗುವಂತೆ ಮಾಡುವುದೇ ಈ ವಿಧಾನದ ತಿರುಳು. ಲೋಹ ತೆಗೆದ ಮೇಲೂ ಅಮೋನಿಯಾ, ಉಪ್ಪು ತುಂಬಿದ ನೀರು ಉಳಿಯುತ್ತದೆ. ಮೇವಿನಲ್ಲಿ ಮಾಲಿಬ್ಡಿನಮ್ ಹೆಚ್ಚಿದರೆ ದನಗಳ ಮೈಗೆ ತಾಮ್ರ ಹತ್ತುವುದಿಲ್ಲ. ಭೇದಿಯಾಗುತ್ತದೆ, ಕೂದಲಿನ ಬಣ್ಣ ಮಾಸುತ್ತದೆ, ಹಸು ಸೊರಗುತ್ತದೆ. ಕುಶಾಲನಗರದ ಕಾವೇರಿ ಹೊಳೆಬದಿಯ ಬಡಾವಣೆಗಳು 2018ರಲ್ಲಿಯೂ 2019ರಲ್ಲಿಯೂ ಮುಳುಗಿದವು. ತೊಟ್ಟು ನೀರನ್ನೂ ಬಿಡುವುದಿಲ್ಲ ಎಂಬ ಷರತ್ತು ಕಾಗದದಲ್ಲಿ ಚೆನ್ನಾಗಿದೆ, ಆದರೆ ಹೊಳೆಯೇ ಆವರಣದೊಳಕ್ಕೆ ನುಗ್ಗಿದ ದಿನ ಅದನ್ನು ಪಾಲಿಸುವವರು ಯಾರು? ಇಲ್ಲಿಂದ ಕೆಳಗೆ ಇದೇ ನೀರು ಕೃಷ್ಣರಾಜಸಾಗರ ಸೇರುತ್ತದೆ. ಮೈಸೂರು, ಬೆಂಗಳೂರು ಕುಡಿಯುವುದು ಇದನ್ನೇ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ತೋಡು ಸೇರದಂತೆ ತಡೆಯಲೇ ನಾವು ಇನ್ನೂ ಹೆಣಗುತ್ತಿದ್ದೇವೆ.

ಲೋಹ ತೆಗೆಯಬೇಡಿ ಎನ್ನುತ್ತಿಲ್ಲ. ಕೇಂದ್ರದ 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ವೇಗವರ್ಧಕ ಅಪಾಯಕಾರಿ ತ್ಯಾಜ್ಯ. ಅದನ್ನು ಆದಷ್ಟು ಹುಟ್ಟಿದ ಜಾಗದ ಹತ್ತಿರವೇ ಸಂಸ್ಕರಿಸಬೇಕು. ಮಕ್ಕಳಿಗೆ ಕೆಲಸ ಬೇಕು, ನಿಜ. ಕೂಡ್ಲೂರಿನಲ್ಲಿ ಕಾಫಿಯನ್ನು ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟುವ ಘಟಕಗಳಿಗೆ ಮೊದಲು ಜಾಗ ಕೊಡಲಿ. ಬೆಳೆ ನಮ್ಮದು, ಲಾಭವೂ ಇಲ್ಲೇ ಉಳಿಯುತ್ತದೆ.