ಹೇಳಿಕೊಟ್ಟ ಮೌಲ್ಯ, ಆರಿಸಿಕೊಂಡ ಮೌಲ್ಯ

ಕರ್ನಾಟಕದ ಹೊರಗೆ ನೆಲೆಸಿ ಮಗಳನ್ನು ಬೆಳೆಸುತ್ತಿರುವ ನನಗೆ, ಎಳೆಯರಲ್ಲಿ ಮೌಲ್ಯಗಳನ್ನು ಮೂಡಿಸುವ ಎರಡು ಬಗೆಗಳನ್ನು ಹತ್ತಿರದಿಂದ ಕಾಣುವ ಅವಕಾಶ ಒದಗಿದೆ. ನಾನು ಬೆಳೆದದ್ದು ಹಿರಿಯರ ಮಾತು ಕೇಳಿಕೊಂಡು. ಸುಳ್ಳಾಡಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎಂಬುದನ್ನು ಯಾರೂ ನಮ್ಮೆದುರು ಚರ್ಚೆಗಿಡಲಿಲ್ಲ. ಮಗಳ ಶಾಲೆಯಲ್ಲಾದರೋ, ಒಂದೊಂದು ಚೀಟಿಯ ಮೇಲೆ ಒಂದೊಂದು ಮೌಲ್ಯದ ಹೆಸರು ಬರೆದುಕೊಟ್ಟು, ನಿನಗೆ ಮುಖ್ಯವಾದವನ್ನು ಆರಿಸಿ ಸಾಲಾಗಿ ಜೋಡಿಸು ಎನ್ನುತ್ತಾರೆ.

ಈ ಚೀಟಿಯಾಟ ಹೊಸದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ ಬದುಕಿನ ಗುರಿಗಳಾದ 18 ಮತ್ತು ನಡತೆಗೆ ಸಂಬಂಧಿಸಿದ 18 ಮೌಲ್ಯಗಳನ್ನು ಕ್ರಮವಾಗಿ ಜೋಡಿಸಲು ಜನರಿಗೆ ಹೇಳುತ್ತಿದ್ದರು. ಅದಕ್ಕೂ ಮೊದಲು, 1966ರಲ್ಲಿ, ಅಮೆರಿಕದ ಶಿಕ್ಷಣತಜ್ಞ ಲೂಯಿಸ್ ರಾಥ್ಸ್ ಮತ್ತು ಸಂಗಡಿಗರು ಒಂದು ನಂಬಿಕೆ ಮೌಲ್ಯವೆನಿಸಿಕೊಳ್ಳಲು 7 ಲಕ್ಷಣಗಳು ಬೇಕೆಂದಿದ್ದರು: ಅದನ್ನು ಸ್ವತಂತ್ರವಾಗಿ, ಹಲವು ಆಯ್ಕೆಗಳ ನಡುವಿನಿಂದ, ಪರಿಣಾಮವನ್ನು ಯೋಚಿಸಿ ಆರಿಸಿರಬೇಕು, ಅದರ ಬಗ್ಗೆ ಅಭಿಮಾನವಿರಬೇಕು, ನಾಲ್ವರೆದುರು ಹೇಳಿಕೊಳ್ಳುವಂತಿರಬೇಕು, ಅದರಂತೆ ನಡೆಯಬೇಕು, ಮತ್ತೆ ಮತ್ತೆ ನಡೆಯಬೇಕು. ಎಲ್ಲ ಮೌಲ್ಯಗಳೂ ಸರಿಸಮಾನವೆಂಬ ಭಾವನೆಯನ್ನು ಈ ವಿಧಾನ ಹುಟ್ಟಿಸುತ್ತದೆಂಬ ಟೀಕೆ ಬಂದದ್ದುಂಟು. ನನ್ನ ತಕರಾರು ಬೇರೆ: ತರಗತಿಗಳು ಆರಿಸುವುದನ್ನು ಇಟ್ಟುಕೊಂಡು, ಕೊನೆಯ ಎರಡನ್ನು ಕೈಬಿಟ್ಟಿವೆ.

ಮಗಳು ಪ್ರಾಮಾಣಿಕತೆಯನ್ನು ಮೊದಲು, ಸ್ನೇಹವನ್ನು ಅದರ ಕೆಳಗೆ ಇಟ್ಟಿದ್ದಳು. ಕೆಲವು ದಿನಗಳಲ್ಲೇ, ನಾಲ್ವರು ಸೇರಿ ಬರೆಯಬೇಕಾದ ವರದಿಯಲ್ಲಿ ಒಂದು ಸಾಲನ್ನೂ ಬರೆಯದ ಗೆಳತಿಯೊಬ್ಬಳು ತನ್ನ ಹೆಸರನ್ನೂ ಸೇರಿಸೆಂದು ಕೇಳಿದಳು. "ಬೇಡ ಅಂದ್ರೆ ನಾನೆಂಥ ಗೆಳತಿ ಅಪ್ಪಾ?" ಎಂದಳು ಮಗಳು. ನನ್ನ ತಂದೆಯಾಗಿದ್ದರೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡು, "ವರದಿ ಕೊಡುವಾಗ ಟೀಚರ್ ಕೇಳಿದರೆ ಏನನ್ನು ಹೇಳಲು ನಿನಗೆ ಕಷ್ಟವಾಗುತ್ತದೆ?" ಎಂದಷ್ಟೇ ಕೇಳಿದೆ.

ಹಳೆಯ ಬಗೆಯನ್ನು ನಾನು ಹಳಿಯಲಾರೆ. ಹೇಳಿದಂತೆ ನಡೆಯುವ ಹಿರಿಯರು ಕಣ್ಣೆದುರಿಗಿದ್ದುದೇ ಅದರ ಬಲವಾಗಿತ್ತು, ಮತ್ತು ಆ ಬಲ ಯಾವ ಚೀಟಿಗೂ ಇಲ್ಲ. ಆದರೆ ಎರಡು ಒಳ್ಳೆಯ ಮೌಲ್ಯಗಳು ಒಂದಕ್ಕೊಂದು ಎದುರಾದಾಗ ಏನು ಮಾಡಬೇಕೆಂದು ನಮಗೆ ಯಾರೂ ಕೇಳಿರಲಿಲ್ಲವಾದ್ದರಿಂದ, ನಾವು ಬಹಳಷ್ಟು ಸಲ ಯಾರಿಗೂ ತಿಳಿಯದಂತೆ ತಪ್ಪಿಸಿಕೊಳ್ಳುವುದನ್ನೇ ಕಲಿತೆವು. ಮೌಲ್ಯವೆಂಬ ಪದಕ್ಕೆ ಬೆಲೆ ಎಂಬ ಅರ್ಥವೂ ಇದೆ. ಆ ಬೆಲೆಯನ್ನು ತೆರುವ ಹೊತ್ತಿನಲ್ಲಿ ಎಳೆಯರ ಪಕ್ಕದಲ್ಲಿ ಕುಳಿತುಕೊಳ್ಳುವುದು ಎರಡೂ ಬಗೆಗಳು ನಮಗೆ ಬಿಟ್ಟಿರುವ ಕೆಲಸ.

ಮಗಳು ಮರುದಿನ ಸಂಜೆ ಗೆಳತಿಯನ್ನು ಕರೆದು, ಉಳಿದಿದ್ದ ಒಂದು ಕೋಷ್ಟಕವನ್ನು ಅವಳಿಂದ ಮಾಡಿಸಿ, ಯಾರು ಯಾವ ಭಾಗ ಬರೆದರೆಂದು ಕೊನೆಯ ಪುಟದಲ್ಲಿ ನಮೂದಿಸಿದಳು. ಗೆಳತಿಯ ಹೆಸರು ಆ ಕೋಷ್ಟಕದ ಮುಂದೆ ಮಾತ್ರ ಇತ್ತು. ವಾರವಿಡೀ ಅವಳು ಮಾತು ಬಿಟ್ಟಳು. ಆ ವಾರದ ಒಂದು ರಾತ್ರಿ ಮಗಳು ಚೀಟಿಗಳನ್ನು ಮತ್ತೆ ಹರಡಿಕೊಂಡು ಕುಳಿತಿದ್ದಳು. ಪ್ರಾಮಾಣಿಕತೆ ಮೊದಲಿನ ಜಾಗದಲ್ಲೇ ಉಳಿಯಿತು, ಆದರೆ ಅದನ್ನು ಅಲ್ಲಿಡಲು ಈ ಸಲ ತುಂಬ ಹೊತ್ತು ಹಿಡಿಯಿತು.