ಅಕ್ಕೋರು ಬಿಕ್ಕಲಿಲ್ಲ

ಮೇ ಕೊನೆಯಲ್ಲಿ ಕುಮಟಾ ಹತ್ತಿರದ ಶಾಲೆಯೊಂದರಲ್ಲಿ ನಮ್ಮ ಹಳೆಯ ಅಕ್ಕೋರಿಗೆ ಬೀಳ್ಕೊಡುಗೆ ಇತ್ತು. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಬಂದೇಬಿಟ್ಟಿತು: ‘ವೇದಿಕೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತ ಶಿಕ್ಷಕಿ’. ನಾನು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಅಕ್ಕೋರು ಬಿಕ್ಕಲೇ ಇಲ್ಲ. ಹಾಜರಿ ಕರೆಯುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಮಾತು ಮುಗಿಸಿದರು. ಕಣ್ಣೀರು ಮಾತ್ರ ತನ್ನ ಪಾಡಿಗೆ ಇಳಿಯುತ್ತಿತ್ತು. ಅದಕ್ಕೆ ಕನ್ನಡದಲ್ಲಿ ಬೇರೆಯೇ ಮಾತಿದೆ: ಗಳಗಳನೆ.

ಸೋತ ಅಭ್ಯರ್ಥಿ, ಗೆದ್ದ ಆಟಗಾರ, ಗಂಡನ ಮನೆಗೆ ಹೊರಟ ಮದುಮಗಳು, ಸುದ್ದಿಯಲ್ಲಿ ಎಲ್ಲರೂ ಬಿಕ್ಕಿ ಬಿಕ್ಕಿಯೇ ಅಳುತ್ತಾರೆ. ಬರೆದವರು ಅಳುವವರ ಮುಖ ನೋಡಿಲ್ಲ ಎಂದು ನನಗೆ ಅಲ್ಲೇ ಅನುಮಾನ.

ಬಿಕ್ಕುವುದು ಉಸಿರಿನ ಕೆಲಸ. ಬಿಕ್ಕಳಿಕೆಯ ಬಿಕ್ಕೂ ಅದೇ. ಎದೆ ಜಗ್ಗಿ ಮಾತು ತುಂಡಾಗದಿದ್ದರೆ ಅದು ಬಿಕ್ಕಲ್ಲ. ಬಿಕ್ಕುತ್ತಾ ಯಾರೂ ಎರಡು ಪುಟದ ಭಾಷಣ ಓದಲಾರರು. ಗೊಳೋ ಎನ್ನುವುದು ಗಂಟಲಿನದು, ನೆರೆಮನೆಗೂ ಕೇಳಬೇಕು. ಅದಕ್ಕೇ ಇರಬೇಕು, ಅದರ ಬೆನ್ನಿಗೆ ‘ಎಂದು’ ಬರುತ್ತದೆ, ಹೇಳಿಕೆ ಕೊಟ್ಟ ಹಾಗೆ. ಬಯಲಾಟದ ಚಂದ್ರಮತಿ ನಡುರಾತ್ರಿ ಗೊಳೋ ಎಂದರೂ ಮುಖದ ಬಣ್ಣ ಕದಡುವುದಿಲ್ಲ. ಮುಸುಮುಸು ಮೂಗಿನದು, ಸ್ವರ ಕೊಂಚ ತಿರುಗಿ ಮುಸಿಮುಸಿ ಆದರೆ ಅದೇ ಮೂಗು ನಗುತ್ತದೆ.

ಗಳಗಳ ಮಾತ್ರ ನೀರಿನದು. ವ್ಯಾಕರಣದವರು ಇದನ್ನು ಅನುಕರಣಾವ್ಯಯವೆಂದು ಚಟಚಟ, ದಡದಡಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ. ಬಿಕ್ಕಿ ಆ ಪಂಕ್ತಿಯದಲ್ಲ, ‘ಬಿಕ್ಕು’ ಎಂಬ ಕ್ರಿಯೆಯಿಂದಲೇ ಹುಟ್ಟಿದ್ದು. ಆದರೆ ಅನುಕರಿಸಲು ಕಣ್ಣೀರಿಗೆ ಸದ್ದೆಲ್ಲಿದೆ? ಕೆನ್ನೆಯ ಮೇಲಿನ ನೀರನ್ನು ಯಾರೋ ಹೊಳೆ ಎಂದುಕೊಂಡು ಕಿವಿಗೊಟ್ಟಿರಬೇಕು. ದಳದಳ, ಬಳಬಳ ಎಂದೂ ಕಣ್ಣೀರು ಸುರಿಯುತ್ತದೆ, ಎಲ್ಲದರಲ್ಲೂ ಳ. ಅಳು, ಮಳೆಗಳಲ್ಲೂ ಳ ಇದೆಯಲ್ಲ ಎಂದು ಒಂದು ದಿನವಿಡೀ ಹಿಗ್ಗಿದ್ದೆ. ಆಮೇಲೆ ನೋಡಿದರೆ ಹಳಗನ್ನಡದಲ್ಲಿ ಆ ಎರಡಕ್ಕೂ ಇದ್ದದ್ದು ೞ, ಈಗ ಕನ್ನಡದಲ್ಲಿ ಬಳಕೆ ತಪ್ಪಿದ ಬೇರೆಯೇ ಅಕ್ಷರ. ತಮಿಳಿನಲ್ಲಿ ಆ ಧ್ವನಿ ಇಂದಿಗೂ ಉಳಿದಿದೆ. ನನ್ನ ಸಿದ್ಧಾಂತ ಅಲ್ಲಿಗೆ ಮಲಗಿತು.

ನಮ್ಮ ಮನೆಯಲ್ಲಿ ಅಳುವುದಕ್ಕೆ ಕೂಗುವುದು ಎನ್ನುತ್ತಾರೆ. ‘ಮಗು ಕೂಗುತ್ತಿದೆ’ ಎಂದರೆ ಶಿರಸಿಯ ಅತ್ತೆ ತೊಟ್ಟಿಲಿನತ್ತ ಓಡುತ್ತಾರೆ, ಬೆಂಗಳೂರಿನಲ್ಲಿ ಬೆಳೆದ ನಾದಿನಿ ‘ಯಾರನ್ನು?’ ಎಂದು ಕೇಳುತ್ತಾಳೆ. ಕ್ರಿಯಾಪದದಲ್ಲೇ ದನಿ ಇರುವುದರಿಂದ ಅಜ್ಜಿ ಗೊಳೋ ಎನ್ನುವ ಗೋಜಿಗೆ ಹೋಗುತ್ತಿರಲಿಲ್ಲ. ದನಿಯಿಲ್ಲದ ಅಳುವಿಗೆ ‘ಕಣ್ಣಲ್ಲಿ ನೀರು ಹಾಕಿದಳು’ ಎನ್ನುತ್ತಿದ್ದಳು. ಅಕ್ಕೋರನ್ನು ನೋಡಿದ್ದರೆ ಅದನ್ನೇ ಹೇಳುತ್ತಿದ್ದಳು.

ಇಷ್ಟನ್ನೂ ಅಕ್ಕೋರಿಗೆ ಫೋನಿನಲ್ಲಿ ವಿವರಿಸಿದೆ. ತಾಳ್ಮೆಯಿಂದ ಕೇಳಿ, ‘ಬಿಕ್ಕಿದ್ದೂ ಇಲ್ಲ, ಗಳಗಳವೂ ಇಲ್ಲ ತಮ್ಮಾ. ಆ ಸೆಕೆಯಲ್ಲಿ ಒಂದು ಫ್ಯಾನ್ ಇರಲಿಲ್ಲ, ಬೆವರು ಇಳಿಯಿತು’ ಎಂದರು.